ಈರುಳ್ಳಿ ಬಣ್ಣದ ಡ್ರಮ್ಮು

ನಮ್ಮೂರು ಕೆರ್ ಯೋರೊದ ಹೆಂಗಸರು ಇವತ್ತಿಗೂ ಬೆಳಗಾಗೆದ್ದು ಒರಳಿಗೆ ಸಜ್ಜೆ ಸುರಿದು ಒನಕೆ ಎತ್ತುತ್ತಾರೆ. ಸುತ್ತಲಿನ ಮೂರು ಊರಿಗೆ ಹಿಟ್ಟಿನ ಗಿರಣಿ ಬಂತು, ನಮಗೆ ಬರಲಿಲ್ಲ. ಬರದಿದ್ದಕ್ಕೆ ಕಾರಣ ಒಂದು ಗಾಜಿನ ಗೋಲಿ. ಆ ಗೋಲಿಯ ಮಾತು ಬಂದರೆ ಒನಕೆ ಹಿಡಿದವರಲ್ಲಿ ಅರ್ಧ ಜನ ಬೈಯುತ್ತಾರೆ, ಇನ್ನರ್ಧ ಜನ ಮುಸಿಮುಸಿ ನಗುತ್ತಾರೆ. ಬೈಯುವವರೂ ಪೂರ್ತಿ ಮನಸ್ಸಿಟ್ಟು ಬೈಯುವುದಿಲ್ಲ ಎಂದು ನನಗೆ ಗೊತ್ತು.

ನಾನು ಮಾತಾರ್ ಜೋಬೆ. ಕಡಲೆಕಾಯಿ ಮಂಡಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದು, ಈಗ ಬೇವಿನ ಮರದ ಕಟ್ಟೆಯ ಮೇಲೆ ಚಹಾ ಕಾಯಿಸಿಕೊಂಡು ಕೂತಿರುವವನು. ಊರ ಯಜಮಾನ, ನಮ್ಮ ಮಾತಲ್ಲಿ ಅಲ್ಕಾಲೊ, ಮಾಸಂಬ ಜೋಬೆ ನನ್ನ ಒಡಹುಟ್ಟಿದ ಅಣ್ಣ. ಅಣ್ಣ ಮೆಲ್ಲಗೆ ಹೇಳಿದ್ದನ್ನು ಊರಿಗೆಲ್ಲ ಗಟ್ಟಿಯಾಗಿ ಹೇಳುವುದು ನನ್ನ ಕೆಲಸ. ಅಣ್ಣ ಹೇಳಲಾಗದ್ದನ್ನು ಹೇಳಿಬರುವುದೂ ನನ್ನದೇ.

ಈ ಕತೆ ಮಾತ್ರ ನನ್ನದಲ್ಲ, ಸೈನಬು ನ್ಜಾಯ್‌ಳದು. ಅವಳು ನಮ್ಮೂರ ಸೂಲಗಿತ್ತಿ, ಅರವತ್ತು ದಾಟಿದ ಹೆಂಗಸು. ಇವತ್ತು ಕಟ್ಟೆಯ ಮೇಲೆ ಕೂತು ದೇಶದ ರಾಜಕೀಯ ಮಾತಾಡುವ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕಣ್ಣುಬಿಟ್ಟದ್ದು ಅವಳ ಅಂಗೈಯಲ್ಲಿ. ಅವಳು ನ್ಜಾಯ್, ನಾನು ಜೋಬೆ. ಈ ಎರಡು ಮನೆತನಗಳು ಮುತ್ತಜ್ಜಂದಿರ ಕಾಲದಿಂದ ತಮಾಷೆಯ ನೆಂಟರು. ಎದುರಾದರೆ ಒಬ್ಬರನ್ನೊಬ್ಬರು ಹೀಯಾಳಿಸಲೇಬೇಕು, ಎಷ್ಟು ಹೀಯಾಳಿಸಿದರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ. ಒಬ್ಬರು ಏನಾದರೂ ಕೇಳಿದರೆ ಇನ್ನೊಬ್ಬರು ಇಲ್ಲ ಅನ್ನುವ ಹಾಗಿಲ್ಲ. ಸೈನಬು ನನ್ನನ್ನು ಕರೆಯುತ್ತಿದ್ದದ್ದೇ ‘ನನ್ನ ಜೀತದಾಳು’ ಎಂದು. ಜೋಬೆಗಳೆಲ್ಲ ತಿಂಡಿಪೋತರು ಎಂಬುದು ಅವಳ ಖಾಯಂ ಮಾತು. ನ್ಜಾಯ್‌ಗಳ ಅಜ್ಜಂದಿರನ್ನು ನಮ್ಮಜ್ಜ ಸಂತೆಯಲ್ಲಿ ಒಂದು ಬೊಗಸೆ ಉಪ್ಪಿಗೆ ಕೊಂಡುತಂದದ್ದು ಎಂಬುದು ನನ್ನ ಖಾಯಂ ಮಾತು. ಹೀಗೆ ನಾವು ಅರವತ್ತು ವರ್ಷ ಚೆನ್ನಾಗಿದ್ದೆವು.

ಆ ವರ್ಷ ಅಧ್ಯಕ್ಷರ ಚುನಾವಣೆಗೆ ಮೂವರು ನಿಂತಿದ್ದರು. ಕುರ್ಚಿಯಲ್ಲಿ ಕೂತಿದ್ದವರದು ನೀಲಿ ಬಣ್ಣ. ಅವರನ್ನು ಇಳಿಸಲು ಹೊರಟವರದು ಬಿಳಿ. ಮೂರನೆಯವಳು ರೋಹೆ ಸೋನ್ಕೊ, ನಿವೃತ್ತ ನರ್ಸು. ಒಳ್ಳೆಯ ಬಣ್ಣಗಳನ್ನೆಲ್ಲ ದೊಡ್ಡವರು ಎತ್ತಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಈರುಳ್ಳಿ ಸಿಪ್ಪೆಯ ಬಣ್ಣ. ಅವಳು ಗೆಲ್ಲುತ್ತಾಳೆಂದು ಅವಳ ಗಂಡನೂ ನಂಬಿರಲಿಕ್ಕಿಲ್ಲ.

ಅವಳು ನಮ್ಮೂರಿಗೆ ಬಂದದ್ದು ಬಾಡಿಗೆ ವ್ಯಾನಿನಲ್ಲಿ. ಮೈಕು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕಟ್ಟೆಯ ಹತ್ತಿರ ಸೇರಿದ್ದು ಹದಿನೇಳು ಜನ, ಅದರಲ್ಲಿ ಒಂಬತ್ತು ಮಕ್ಕಳು. ನಾನು ಚಹಾ ಎತ್ತಿ ಹೊಯ್ಯುತ್ತಾ ತಮಾಷೆ ನೋಡಲು ಕೂತಿದ್ದೆ. ಅವಳು ಭಾಷಣ ಮಾಡಲಿಲ್ಲ. ಚಾಪೆಯ ಮೇಲೆ ಕೂತು, ಚೀಲದಿಂದ ನೋಟ್‌ಬುಕ್ಕು ತೆಗೆದು ಒಂದೇ ಮಾತು ಕೇಳಿದಳು.

“ಈ ಊರಲ್ಲಿ ಹತ್ತು ವರ್ಷದಲ್ಲಿ ಹೆರಿಗೇಲಿ ತೀರಿಹೋದೋರು ಎಷ್ಟು ಜನ?”

ಅಂಥದ್ದನ್ನು ನಮ್ಮಲ್ಲಿ ಎಣಿಸುವುದಿಲ್ಲ. ಹಿಂದಿನಿಂದ ಸೈನಬು ಹೇಳಿದಳು, “ಹನ್ನೊಂದು.”

“ಹೆಸರು ಹೇಳ್ತೀರಾ ಅಕ್ಕಾ?”

ಸೈನಬು ಎದ್ದುನಿಂತು ಒಂದೊಂದೇ ಹೆಸರು ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಯಾವ ತಿಂಗಳು, ಎಷ್ಟನೇ ಬಸಿರು, ಯಾವುದಕ್ಕೆ ಕಾಯುತ್ತಾ ಜೀವ ಹೋಯಿತು, ಎಲ್ಲವೂ ಅವಳ ಬಾಯಲ್ಲಿತ್ತು. ನಾಲ್ಕನೆಯ ಹೆಸರು ಹೀಗಿತ್ತು: “ಸಫಿ ಜೋಬೆ, ಮಾತಾರ್ ಮಗಳು. ಇಪ್ಪತ್ತೆರಡು ವರ್ಷ. ಚೊಚ್ಚಲು. ಹೊಳೆ ದಂಡೇಲಿ, ಫೆರಿ ಕಾಯ್ತಾ.”

ಕತ್ತೆಗೆ ನೀರಿಟ್ಟಿಲ್ಲ ಎಂದು ನಾನು ಎದ್ದುಹೋದೆ. ಬೆಳಿಗ್ಗೆಯೇ ಇಟ್ಟಿದ್ದೆ. ಏಳು ವರ್ಷದಿಂದ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ, ನನ್ನೆದುರು ಯಾರೂ ಹೇಳುತ್ತಿರಲಿಲ್ಲ. ದೇವರು ಕೊಟ್ಟಿದ್ದ, ದೇವರು ಕರೆಸಿಕೊಂಡ ಎಂದು ಊರೆಲ್ಲ ಹೇಳಿತ್ತು, ನಾನೂ ತಲೆಯಾಡಿಸಿದ್ದೆ. ಆಚೆ ದಡದ ಆಸ್ಪತ್ರೆಗೆ ದಾಟಿಸುವ ಫೆರಿ ಕೆಟ್ಟು ಎರಡು ದಿನ ಅಲ್ಲೇ ನಿಂತದ್ದೂ ದೇವರ ಕೆಲಸವೇನು ಎಂದು ಕೇಳಲು ನನಗೆ ಬಾಯಿ ಬಂದಿರಲಿಲ್ಲ.

ಹದಿನೈದು ದಿನದ ಮೇಲೆ ರೇಡಿಯೋದಲ್ಲಿ ಮೂವರಿಗೂ ಮಾತಾಡಲು ಹತ್ತು ಹತ್ತು ನಿಮಿಷ ಕೊಟ್ಟರು. ಮೊದಲಿನ ಇಬ್ಬರು ರಸ್ತೆ, ಕರೆಂಟು, ದೇವರು, ದೇಶ ಎಂದು ಮಾತಾಡಿದರು. ರೋಹೆ ಸೋನ್ಕೊ ತನ್ನ ಹತ್ತು ನಿಮಿಷವನ್ನೂ ಹೆಸರು ಓದಿಯೇ ಕಳೆದಳು. ಊರಿನ ಹೆಸರು, ಆಮೇಲೆ ಹೆಂಗಸರ ಹೆಸರು. ಸೈನಬು ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಹನ್ನೊಂದನ್ನೂ ಕೇಳಿದಳಂತೆ. ಕೆರ್ ಯೋರೊ ಎಂದದ್ದೇ ತಡ, ನಾನು ನಮ್ಮ ಮನೆಯ ರೇಡಿಯೋ ಆರಿಸಿದೆ.

ಮರುದಿನ ಬಾವಿಯ ಹತ್ತಿರ ಸೈನಬು ಎಲ್ಲರೆದುರು ಹೇಳಿಬಿಟ್ಟಳು, ತನ್ನ ಗೋಲಿ ಈರುಳ್ಳಿ ಬಣ್ಣದ ಡ್ರಮ್ಮಿಗೇ ಎಂದು. ನಮ್ಮ ದೇಶದಲ್ಲಿ ಓಟೆಂದರೆ ಗೋಲಿ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಡ್ರಮ್ಮು, ಕೈಗೆ ಕೊಟ್ಟ ಗೋಲಿಯನ್ನು ಬೇಕಾದ ಡ್ರಮ್ಮಿಗೆ ಬಿಟ್ಟುಬರುವುದು. ಯಾರು ಯಾವುದಕ್ಕೆ ಬಿಟ್ಟರೆಂಬುದು ಗುಟ್ಟು. ಸೈನಬುಗೆ ಗುಟ್ಟು ಬೇಕಿರಲಿಲ್ಲ.

ಇಷ್ಟಾಗಿದ್ದರೆ ಊರು ನಕ್ಕು ಸುಮ್ಮನಾಗುತ್ತಿತ್ತು. ಆದರೆ ಅದೇ ವಾರ ನೀಲಿ ಪಕ್ಷದ ಮುಖಂಡ ಸಾನ್ಯಾಂಗ್ ಏಳು ಗಾಡಿಗಳಲ್ಲಿ ಬಂದರು. ಅಕ್ಕಿ ಮೂಟೆ ಇಳಿಸಿದರು, ಹೆಂಗಸರಿಗೆಲ್ಲ ಅಧ್ಯಕ್ಷರ ಮುಖ ಅಚ್ಚಾದ ನೀಲಿ ಬಟ್ಟೆ ಹಂಚಿದರು. ಆಮೇಲೆ ಅಣ್ಣನ ಪಕ್ಕ ಕೂತು ಗಿರಣಿಯ ಮಾತೆತ್ತಿದರು.

“ಗಿರಣಿ ಮೂರೇ ಇರೋದು ಅಲ್ಕಾಲೊ, ಊರು ನಾಲ್ಕು,” ಎಂದರು ಸಾನ್ಯಾಂಗ್. “ಯಾವ ಊರು ನೂರಕ್ಕೆ ನೂರು ಕೊಡುತ್ತೋ ಅದಕ್ಕೆ ಮೊದಲು. ನಿಮ್ಮಲ್ಲಿ ಇನ್ನೂರ ಎಂಬತ್ತಾರು ಓಟು. ಬಂದೋರೆಲ್ಲ ನೀಲಿಗೇ ಹಾಕ್ಬೇಕು. ಒಂದೇ ಒಂದು ಗೋಲಿ ಆಚೆ ಬಿದ್ರೂ ನಾನು ಮೇಲಿನವರಿಗೆ ಏನಂತ ಹೇಳ್ಲಿ?”

ಅಣ್ಣ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ನಮ್ಮ ಅಪ್ಪನ ಕಾಲದಿಂದ ಜೋಬೆಗಳು ಕೊಟ್ಟ ಮಾತು ತಪ್ಪಿಲ್ಲ. ಗಾಡಿಗಳು ಹೋದ ಮೇಲೆ ಅಣ್ಣ ನನ್ನ ಕಡೆ ತಿರುಗಿದ.

“ಸೈನಬು ಹತ್ರ ನೀನೇ ಹೋಗು. ನಾನು ಹೋದ್ರೆ ಜಗಳ ಆಗುತ್ತೆ. ನೀನು ಏನಂದ್ರೂ ಅವಳು ಕೋಪ ಮಾಡ್ಕೊಳ್ಳೋ ಹಾಗಿಲ್ಲ.”

ಸಂಜೆ ಅವಳ ತೋಟಕ್ಕೆ ಹೋದೆ. ಅವಳು ಸೊಂಟಕ್ಕೆ ಬಟ್ಟೆ ಬಿಗಿದು ಈರುಳ್ಳಿ ಮಡಿಗೆ ನೀರು ಹೊಯ್ಯುತ್ತಿದ್ದಳು.

“ಏನೇ ನ್ಜಾಯ್, ಇನ್ನೂ ಬದುಕಿದೀಯಾ?”

“ನಿನ್ನ ಮಣ್ಣು ಮಾಡೋಕೆ ಒಬ್ರು ಬೇಕಲ್ಲ ಜೋಬೆ, ಅದಕ್ಕೇ ಇದೀನಿ. ಏನು ಈ ಕಡೆ? ಇಲ್ಲಿ ಅನ್ನ ಬೇಯ್ತಿಲ್ಲ.”

“ಅಣ್ಣ ಕಳಿಸಿದ.”

“ಗೊತ್ತು. ಜೀತದಾಳಿಗೆ ಸ್ವಂತ ಕಾಲೆಲ್ಲಿಂದ ಬರ್ಬೇಕು.”

“ನೀಲಿ ಬಟ್ಟೆ ಹೊಲಿಸಿದೆಯಾ? ಎಲ್ಲ ಹೆಂಗಸರೂ ಹೊಲಿಸಿದಾರೆ.”

ಅವಳು ಬೇಲಿಯ ಕಡೆ ಗಲ್ಲ ಎತ್ತಿ ತೋರಿಸಿದಳು. ಬೇಲಿಯ ಮೇಲೆ ಏಳು ತುಂಡು ನೀಲಿ ಬಟ್ಟೆ ಒಣಗುತ್ತಿತ್ತು. ಹೊಸದಾಗಿ ಹುಟ್ಟಿದ ಮಕ್ಕಳಿಗೆ ಸುತ್ತಲು ಹದವಾಗಿ ಕತ್ತರಿಸಿದ್ದಳು. ಒಂದೊಂದು ತುಂಡಿನಲ್ಲೂ ಅಧ್ಯಕ್ಷರು ನಗುತ್ತಿದ್ದರು.

“ಒಳ್ಳೆ ಬಟ್ಟೆ,” ಎಂದಳು. “ಎಷ್ಟು ಒದ್ದೆ ಮಾಡಿದ್ರೂ ಬಣ್ಣ ಬಿಡಲ್ಲ.”

ನನಗೆ ನಗು ಬಂತು, ಅದನ್ನು ನುಂಗಿಕೊಂಡೆ. ಬಂದ ಕೆಲಸ ಬೇರೆಯಿತ್ತು.

“ನೋಡು ಸೈನಬು, ಇಡೀ ಊರು ಆ ಕಡೆ, ನಿಂದೊಂದು ಗೋಲಿ ಈ ಕಡೆ. ಅದರಿಂದ ಆಗೋದೇನು? ನಿನ್ನ ನರ್ಸಮ್ಮ ಅಧ್ಯಕ್ಷೆ ಆಗಿಬಿಡ್ತಾಳಾ?”

“ಆಗಲ್ಲ. ನಂಗೇನು ಎಣಿಸೋಕೆ ಬರಲ್ವಾ?”

“ಮತ್ತೆ?”

ಅವಳು ನೀರಿನ ಡಬ್ಬ ಕೆಳಗಿಟ್ಟಳು. “ಸಂಜೆ ಎಣಿಸೋವಾಗ ಆ ಡ್ರಮ್ಮು ಬಗ್ಗಿಸ್ತಾರಲ್ಲ, ಅದು ಖಾಲಿ ಇದ್ರೆ ಏನರ್ಥ ಹೇಳು. ಕೆರ್ ಯೋರೊದಲ್ಲಿ ಎಲ್ಲ ನೆಟ್ಟಗಿದೆ ಅಂತ. ಇಲ್ಲಿ ಯಾರೂ ಸತ್ತಿಲ್ಲ ಅಂತ. ರೋಹೆ ಓದಿದ್ದೆಲ್ಲ ಸುಳ್ಳು ಅಂತ. ಒಂದು ಗೋಲಿ ಬಿದ್ರೆ, ಇಲ್ಲ, ಈ ಊರಲ್ಲಿ ಒಬ್ರು ಒಪ್ಪಿಲ್ಲ ಅಂತ ಬರ್ಕೋಬೇಕಾಗುತ್ತೆ. ಅವಳು ಗೆಲ್ಲಲಿ ಅಂತ ಅಲ್ಲ ಮಾರಾಯ. ಬರ್ಕೊಳ್ಳಲಿ ಅಂತ.”

“ಗಿರಣಿ ಬೇಡ್ವಾ ನಿಂಗೆ? ನಿನ್ನ ರಟ್ಟೆ ನೋಡ್ಕೋ.”

“ಬೇಕು. ನಂಗಿಂತ ಯಾರಿಗೆ ಬೇಕು? ಒನಕೆ ಎತ್ತಿ ಎತ್ತಿ ಭುಜ ಬಿದ್ದೋಗಿದೆ. ಊರಿಗೆ ಹಿಟ್ಟು ಬೇಕು ಅಂತ ಕೊಟ್ರೆ ಕೈ ಮುಗಿದು ತಗೋತೀನಿ. ಬಾಯಿ ಮುಚ್ಚಿ ಅಂತ ಕೊಟ್ರೆ ಆ ಹಿಟ್ಟು ಗಂಟಲಲ್ಲಿ ಇಳಿಯಲ್ಲ.”

ನನ್ನ ಬತ್ತಳಿಕೆಯಲ್ಲಿ ಒಂದೇ ಬಾಣ ಉಳಿದಿತ್ತು. ಅದನ್ನು ತೆಗೆದೆ. “ನಾನು ಜೋಬೆ, ನೀನು ನ್ಜಾಯ್. ನಾನು ಕೇಳಿದ್ದಕ್ಕೆ ನೀನು ಇಲ್ಲ ಅನ್ನೋ ಹಾಗಿಲ್ಲ. ಗೊತ್ತು ತಾನೆ?”

ಅವಳ ಮುಖದಿಂದ ತಮಾಷೆ ಇಳಿದುಹೋಯಿತು. ಕೈಯ ಕೆಸರನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡು ಹತ್ತಿರ ಬಂದಳು.

“ನಿಜವಾಗ್ಲೂ ಕೇಳ್ತಿದೀಯಾ ಮಾತಾರ್?” ಅವಳು ನನ್ನ ಹೆಸರು ಹಿಡಿದು ಕರೆದದ್ದು ನೆನಪೇ ಇರಲಿಲ್ಲ. “ಕೇಳೋದಾದ್ರೆ ಕೇಳು. ಸಫಿನ ಹೆತ್ತೋನೇ ಬಂದು ನೀಲಿಗೆ ಹಾಕು ಅಂದ್ರೆ ನಾನು ಇಲ್ಲ ಅನ್ನಲ್ಲ. ಹಾಕಿಬರ್ತೀನಿ.”

ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಣ್ಣನ ಮಾತು ಉಳಿಯುತ್ತಿತ್ತು, ಗಿರಣಿ ಬರುತ್ತಿತ್ತು.

“ತಮಾಷೆ ಮಾಡ್ದೆ ಕಣೇ,” ಎಂದೆ.

ಅವಳು ಬಗ್ಗಿ ನಾಲ್ಕು ಈರುಳ್ಳಿ ಕಿತ್ತು ಕೈಗೆ ಕೊಟ್ಟಳು. “ತಗೊಂಡು ಹೋಗು. ಬರಿಗೈಲಿ ಕಳಿಸಿದ್ರೆ ಜೋಬೆ ದಾರೀಲಿ ಬೇಲಿ ತಿಂತಾನೆ.”

ಅವಳು ಒಪ್ಪಲಿಲ್ಲ ಎಂದು ಅಣ್ಣನಿಗೆ ಹೇಳಿದೆ. ನಾನು ಕೇಳಲೇ ಇಲ್ಲ ಎಂದು ಹೇಳಲಿಲ್ಲ.

ಚುನಾವಣೆಯ ದಿನ ಬೆಳಿಗ್ಗೆ ಚಳಿಯಿತ್ತು, ಮರಳುಗಾಡಿನ ಕಡೆಯಿಂದ ದೂಳು ಬೀಸುತ್ತಿತ್ತು. ಓಟು ಹಾಕುವುದು ಶಾಲೆಯ ಕೋಣೆಯಲ್ಲಿ. ಸಾಲಿನಲ್ಲಿ ಜಾಗ ಹಿಡಿಯಲು ನಾವು ಹಿಂದಿನ ದಿನವೇ ಕಲ್ಲಿಟ್ಟು ಹೋಗುವುದು ವಾಡಿಕೆ. ಬಾಗಿಲಿಗೆ ಮೊದಲು ಕಲ್ಲಿನ ಬದಲು ಒಂದು ದಪ್ಪ ಈರುಳ್ಳಿ ಇತ್ತು. ಅದರ ಹಿಂದೆ ನನ್ನ ಕಲ್ಲು. ಏಳು ಗಂಟೆಗೆ ನಾನು ಬಂದಾಗ ಸೈನಬು ಈರುಳ್ಳಿಯನ್ನು ಸೆರಗಿಗೆ ಕಟ್ಟಿಕೊಂಡು ಅದರ ಜಾಗದಲ್ಲಿ ನಿಂತಿದ್ದಳು. ರೋಹೆ ಸೋನ್ಕೊ ಪರವಾಗಿ ಒಳಗೆ ಕೂರುವ ಏಜೆಂಟೂ ಅವಳೇ. ಅವಳ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಈರುಳ್ಳಿ ಬಣ್ಣದ ತಲೆವಸ್ತ್ರ ಹಾಸಿದ್ದದ್ದು ಕಿಟಕಿಯಿಂದಲೇ ಕಾಣುತ್ತಿತ್ತು.

ಬಾಗಿಲು ತೆಗೆಯುವುದು ಎಂಟಕ್ಕೆ. ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಅಣ್ಣನ ಮಗ ಓಡಿಬಂದ. ಅವನ ಹೆಂಡತಿ ಊಮಿಗೆ ದಿನ ತುಂಬಿತ್ತು.

“ಸೈನಬು ಅತ್ತೆ, ರಾತ್ರಿಯಿಂದ ನೋವು. ಈಗ ರಕ್ತ ಹೋಗ್ತಿದೆ.”

ಸೈನಬು ಎರಡೇ ಮಾತು ಕೇಳಿದಳು, ರಕ್ತ ಎಷ್ಟು, ಬಣ್ಣ ಹೇಗೆ. ಆಮೇಲೆ, “ಕತ್ತೆಗಾಡಿ ಹೂಡು. ಇಲ್ಲಾಗಲ್ಲ, ಹೊಳೆ ದಾಟಬೇಕು,” ಎಂದಳು. ಒಂದು ಸಲ ಮುಚ್ಚಿದ ಬಾಗಿಲನ್ನು ನೋಡಿದಳು. ಹತ್ತು ನಿಮಿಷ. ಕಿಟಕಿಯಲ್ಲಿ ನಿಂತಿದ್ದ ಅಧಿಕಾರಿ ಬಾಜಿ ಟೀಚರು ಗಡಿಯಾರ ನೋಡಿ ತಲೆಯಲ್ಲಾಡಿಸಿದಳು. ಗಂಟೆಗೆ ಮುಂಚೆ ಯಾರಿಗೂ ಗೋಲಿ ಕೊಡುವ ಹಾಗಿಲ್ಲ.

ಸೈನಬು ಸಾಲು ಬಿಟ್ಟಳು. ನನಗೆ ಬುದ್ಧಿಯಿರಬೇಕಿತ್ತು, ಬಾಯಿ ಕೇಳಲಿಲ್ಲ. ಅಭ್ಯಾಸ ಬಲದಿಂದ ಅಂದುಬಿಟ್ಟೆ, “ಮುಗೀತಲ್ಲೇ ನ್ಜಾಯ್, ನಿನ್ನ ನರ್ಸಮ್ಮನಿಗೆ ಇದ್ದ ಒಂದು ಓಟೂ ಹೋಯ್ತು.”

ಅವಳು ತಿರುಗಿ ನೋಡಿದಳು. ಅಣ್ಣನ ಮನೆಯ ಕಡೆ ಬಿರಬಿರನೆ ನಡೆದಳು. ನನ್ನ ಜೀವಮಾನದಲ್ಲಿ ಜೋಬೆಯೊಬ್ಬನ ಮಾತಿಗೆ ನ್ಜಾಯ್ ಹೆಂಗಸು ತಿರುಗಿ ಉತ್ತರ ಕೊಡದೆ ಹೋದದ್ದು ಅದೇ ಮೊದಲು. ಊಮಿಯನ್ನು ಮಲಗಿಸಿದ ಗಾಡಿ ಹೊಳೆಯ ದಾರಿ ಹಿಡಿದದ್ದು ಸಾಲಿನಲ್ಲಿದ್ದ ನಮಗೆಲ್ಲ ಕಾಣಿಸಿತು. ಏಳು ವರ್ಷದ ಹಿಂದೆ ಅದೇ ಗಾಡಿಯ ಹಿಂದೆ ನಾನು ನಡೆದಿದ್ದೆ.

ಬಾಗಿಲು ತೆರೆಯಿತು. ಅವಳ ಜಾಗದಲ್ಲಿ ಈಗ ನಾನು ಮೊದಲಿಗ. ಬಾಜಿ ಟೀಚರು ನನ್ನ ಬೆರಳನ್ನು ಶಾಯಿಯಲ್ಲಿ ಅದ್ದಿಸಿ, ಅಂಗೈಗೆ ಗೋಲಿ ಹಾಕಿದಳು. ಪರದೆಯ ಹಿಂದೆ ಮೂರು ಡ್ರಮ್ಮು. ಡ್ರಮ್ಮಿನ ನೆತ್ತಿಯಲ್ಲೊಂದು ಕೊಳವೆ. ಗೋಲಿ ಬಿಟ್ಟರೆ ಒಳಗಿನ ಗಂಟೆಗೆ ತಾಗಿ ಟಿಣ್ ಅನ್ನುತ್ತದೆ. ಯಾರೂ ಎರಡು ಗೋಲಿ ಬಿಡದ ಹಾಗೆ ಹೊರಗಿನವರು ಕಿವಿಗೊಟ್ಟಿರುತ್ತಾರೆ. ಅದಕ್ಕೇ ಆ ದಿನ ಶಾಲೆಯ ಸುತ್ತ ಸೈಕಲ್ ತರುವ ಹಾಗಿಲ್ಲ, ಅದರ ಗಂಟೆ ಲೆಕ್ಕ ತಪ್ಪಿಸಬಾರದು.

ನೀಲಿ ಡ್ರಮ್ಮು ನನ್ನ ಕೈಯಳತೆಯಲ್ಲೇ ಇತ್ತು. ಈರುಳ್ಳಿ ಬಣ್ಣದ್ದು ಗೋಡೆಯ ಮೂಲೆಯಲ್ಲಿ. ಅದರ ಮೇಲಿದ್ದ ರೋಹೆ ಸೋನ್ಕೊ ಫೋಟೋ ಸ್ವಲ್ಪ ಓರೆಯಾಗಿತ್ತು. ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ, ಹೊರಗಿಂದ ಯಾರೋ “ಒಳಗೇ ನಿದ್ದೆ ಹೋದನಾ ಮುದುಕ?” ಎಂದು ಕೂಗಿದರು. ಗೋಲಿ ಬಿಟ್ಟೆ. ಟಿಣ್ ಅಂತು. ಎಲ್ಲ ಡ್ರಮ್ಮಿನ ಗಂಟೆಯೂ ಒಂದೇ ಥರ ಮಾಡಿಸಿರುತ್ತಾರೆ. ಆದರೂ ಆ ಸದ್ದು ನನಗೆ ಊರಾಚೆಗೂ ಕೇಳಿಸುವ ಹಾಗಿತ್ತು.

ಸಂಜೆ ಐದಕ್ಕೆ ಬಾಗಿಲು ಹಾಕಿ ಎಣಿಸಲು ಕೂತರು. ಊರೇ ಅಂಗಳದಲ್ಲಿ ಸೇರಿತ್ತು. ಹಾಸಿಗೆ ಹಿಡಿದ ಮುದುಕರನ್ನೂ ಗಾಡಿಯಲ್ಲಿ ತಂದು ಓಟು ಹಾಕಿಸಿದ್ದೆವು. ಹೊಳೆ ದಾಟಿಹೋದ ಮೂವರನ್ನು ಬಿಟ್ಟು ಎಲ್ಲರೂ ಹಾಕಿದ್ದರು, ಇನ್ನೂರ ಎಂಬತ್ತಮೂರು. ಅಣ್ಣ ಮುಂದಿನ ಸಾಲಿನಲ್ಲಿ ಜಪಮಣಿ ಎಣಿಸುತ್ತಾ ಕೂತಿದ್ದ. ಸೊಸೆಯ ಸುದ್ದಿ ಇನ್ನೂ ಬಂದಿರಲಿಲ್ಲ.

ನೀಲಿ ಡ್ರಮ್ಮನ್ನು ಬಗ್ಗಿಸಿದರು. ಗುಳಿ ಗುಳಿಯ ಹಲಗೆಯಲ್ಲಿ ಗೋಲಿ ಜೋಡಿಸಿದರು. ಒಂದು ಹಲಗೆಗೆ ಇನ್ನೂರು. ಮೊದಲನೆಯದು ತುಂಬಿತು, ಎರಡನೆಯದರಲ್ಲಿ ಎಂಬತ್ತೆರಡು ನಿಂತವು. ಬಿಳಿ ಡ್ರಮ್ಮು ಖಾಲಿ. ಈರುಳ್ಳಿ ಬಣ್ಣದ್ದನ್ನು ಬಗ್ಗಿಸಿದಾಗ ಸದ್ದಡಗಿಸಲು ತಳಕ್ಕೆ ಹಾಕಿದ್ದ ಮರದ ಪುಡಿಯ ಜೊತೆ ಒಂದು ಗೋಲಿ ಉರುಳಿ ಬಂತು. ಬಾಜಿ ಟೀಚರು ಅದಕ್ಕೂ ಒಂದು ಪೂರಾ ಹಲಗೆ ತರಿಸಿದಳು. ನಿಯಮವೋ ಅವಳ ಮನಸ್ಸೋ ಗೊತ್ತಿಲ್ಲ. ಇನ್ನೂರು ಗುಳಿಯ ಹಲಗೆಯ ಮೊದಲ ಗುಳಿಯಲ್ಲಿ ಆ ಒಂದು ಗೋಲಿಯನ್ನು ಇಟ್ಟು, ಎಲ್ಲರಿಗೂ ಕಾಣುವ ಹಾಗೆ ಎತ್ತಿಹಿಡಿದಳು.

ಅಣ್ಣ ಎದ್ದುನಿಂತ. “ಹೇಳಿದ್ದನ್ನ ಮಾಡೇಬಿಟ್ಲು ಸೈನಬು. ಈ ಊರಿನ ಅನ್ನ ತಿಂದು, ಈ ಊರಿನ ಬಾಯಿಗೆ ಮಣ್ಣು ಹಾಕಿದ್ಲು. ಇನ್ಮೇಲೆ ಅವಳನ್ನ ಯಾರೂ ಮನೆಗೆ ಕರೀಬೇಡಿ.”

ಅವಳು ಓಟು ಹಾಕಿಯೇ ಹೊಳೆ ದಾಟಿದಳೆಂದು ಅಣ್ಣ ತಿಳಿದಿದ್ದ, ಹಾಕಿಲ್ಲವೆಂದು ಸಾಲಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಗಲೇ ಕತ್ತೆಗಾಡಿ ಅಂಗಳಕ್ಕೆ ಬಂತು. ಸೈನಬು ಇಳಿದಳು. ಬಟ್ಟೆಯ ತುಂಬ ಒಣಗಿದ ರಕ್ತದ ಕಲೆ, ಮುಖ ಬೂದಿಯಾಗಿತ್ತು.

“ಹೆಣ್ಣು ಮಗು ಅಲ್ಕಾಲೊ,” ಎಂದಳು. “ಊಮಿ ಚೆನ್ನಾಗಿದಾಳೆ. ನಿಮ್ಮ ಮಗ ಅಲ್ಲೇ ಇದಾನೆ. ಇವತ್ತು ಫೆರಿ ಓಡ್ತಿತ್ತು, ಅದಕ್ಕೇ ಉಳಿದ್ಲು. ಇನ್ನೊಂದು ಗಂಟೆ ತಡ ಆಗಿದ್ರೆ ನನ್ನ ಲೆಕ್ಕ ಹನ್ನೆರಡಾಗ್ತಿತ್ತು.” ಆಮೇಲೆ ಎಲ್ಲರ ಮುಖ ನೋಡಿ, ಏನೋ ನಡೆದಿದೆ ಎಂದು ತಿಳಿದು, ಬಲಗೈ ಎತ್ತಿ ಬೆರಳು ಬಿಡಿಸಿ ತೋರಿಸಿದಳು. “ನನ್ನನ್ನ ಬೈತಿದ್ರಾ? ನಂಗೆ ಓಟು ಹಾಕೋಕೇ ಆಗ್ಲಿಲ್ಲ.”

ಬೆರಳಲ್ಲಿ ಶಾಯಿಯಿರಲಿಲ್ಲ. ಆಗಷ್ಟೇ ಅವಳ ಕಣ್ಣು ಹಲಗೆಯ ಮೇಲೆ ಬಿತ್ತು. ಒಂಟಿ ಗೋಲಿಯನ್ನು ನೋಡಿ ಅವಳ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು.

ಅಣ್ಣನ ಮುಖದಲ್ಲಿ ಮೊಮ್ಮಗಳ ಸಂತೋಷ, ಕೊಟ್ಟ ಮಾತಿನ ಸಂಕಟ, ಎರಡೂ ಜಗಳವಾಡುತ್ತಿದ್ದವು. ಸೈನಬುವನ್ನು ಬೈದ ನಾಚಿಕೆ ಬೇರೆ. ಅದೆಲ್ಲ ಸೇರಿ ಹೋಗಿ ಬಿದ್ದದ್ದು ದೆಂಬ ಜಾಲೊ ಮೇಲೆ. ದೆಂಬ ದನ ಕಾಯುವವನು, ಇಪ್ಪತ್ತು ವರ್ಷದ ಹಿಂದೆ ಬಂದು ಊರ ಅಂಚಿನಲ್ಲಿ ನೆಲೆಸಿದವನು.

“ನೀನೇನಾ ದೆಂಬ? ಹೊರಗಿಂದ ಬಂದೋರಿಗೆ ನೀರು ನೆರಳು ಕೊಟ್ರೆ ಹೀಗೇ ಆಗೋದು.”

“ಆಣೆ ಮಾಡ್ತೀನಿ ಅಲ್ಕಾಲೊ, ನಾನು ನೀಲಿಗೇ ಹಾಕಿದ್ದು,” ಎಂದ ದೆಂಬ. ಹಿಂದೆ ಗುಸುಗುಸು ಶುರುವಾಯಿತು. ನಾಳೆ ಅವನ ದನಗಳನ್ನು ಬಾವಿಯ ಹತ್ತಿರ ಬಿಡುವುದಿಲ್ಲ ಎಂದು ನನಗೆ ಅರ್ಥವಾಯಿತು.

“ಅವನನ್ನ ಬಿಡಣ್ಣ,” ಎಂದೆ. “ಹಾಕಿದ್ದು ನಾನು.”

ಅಣ್ಣ ನನ್ನನ್ನೇ ನೋಡುತ್ತಾ ನಿಂತ. ಆಮೇಲೆ ಅವನ ಮುಖ ಸಡಿಲವಾಯಿತು. ಅವನು ಜಾಣ, ಇಲ್ಲದಿದ್ದರೆ ಇಪ್ಪತ್ತಾರು ವರ್ಷ ಯಜಮಾನಿಕೆ ಮಾಡುತ್ತಿರಲಿಲ್ಲ.

“ಓ, ಈಗ ಗೊತ್ತಾಯ್ತು,” ಎಂದು ದೊಡ್ಡ ದನಿಯಲ್ಲಿ ನಕ್ಕ. “ಸೈನಬು ಹೋಗೋವಾಗ ನಿಂಗೆ ಹೇಳಿ ಹೋಗಿದಾಳೆ. ನ್ಜಾಯ್ ಕೇಳಿದ್ರೆ ಜೋಬೆ ಇಲ್ಲ ಅನ್ನೋ ಹಾಗಿಲ್ವಲ್ಲ. ಇದು ನೆಂಟರ ತಮಾಷೆ. ಸಾನ್ಯಾಂಗ್‌ಗೂ ಹಾಗೇ ಹೇಳಿದ್ರಾಯ್ತು, ಅವರ ಮನೆತನಕ್ಕೂ ಇಂಥ ನೆಂಟರಿದಾರೆ, ನಕ್ಕು ಗಿರಣಿ ಕಳಿಸ್ತಾರೆ. ಹೌದು ತಾನೆ ಸೈನಬು? ನೀನೇ ಹೇಳಿದ್ದು ತಾನೆ?”

ಸೈನಬು ನನ್ನ ಕಡೆ ನೋಡಿದಳು. ಆ ಗೋಲಿ ಯಾಕೆ ಬಿತ್ತೆಂದು ಇಡೀ ಊರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

“ಹೌದು ಅಲ್ಕಾಲೊ,” ಎಂದಳು. “ನಾನೇ ಹೇಳಿದ್ದು. ಜೀತದಾಳು, ಹೇಳಿದ ಕೆಲಸ ಮಾಡಿದ. ಅವನ್ನೇನೂ ಅನ್ಬೇಡಿ.”

ಜನ ನಗಲು ಶುರುಮಾಡಿದರು, ನಿರಾಳವಾದ ನಗು. ನನಗೆ ಮಾತ್ರ ಕಣ್ಣು ಮಂಜಾಯಿತು. ಗಿರಣಿ ಕೊಡುತ್ತೇವೆಂದರೂ ಬಿಟ್ಟುಕೊಡದ ಮಾತನ್ನು ಅವಳು ನನಗಾಗಿ ಬಿಟ್ಟುಕೊಡುತ್ತಿದ್ದಳು. ಆ ಒಂದು ಗೋಲಿ ಬೀಳಲೆಂದು ಹಿಂದಿನ ದಿನವೇ ಈರುಳ್ಳಿಯಿಟ್ಟು ಸಾಲು ಹಿಡಿದಿದ್ದವಳು, ಈಗ ಅದು ಬರೀ ತಮಾಷೆ ಎಂದು ಎಲ್ಲರೆದುರು ಒಪ್ಪಿಕೊಂಡಳು. ನಾನು ಸುಮ್ಮನಿದ್ದರೆ ಸಾಕಿತ್ತು. ಅಣ್ಣ ಉಳಿಯುತ್ತಿದ್ದ, ನಾನು ಉಳಿಯುತ್ತಿದ್ದೆ. ಹನ್ನೊಂದು ಹೆಸರು ಮತ್ತೆ ಮಣ್ಣಿಗೆ ಹೋಗುತ್ತಿದ್ದವು.

“ಸುಳ್ಳು ಹೇಳ್ತಿದಾಳೆ ಅಣ್ಣ,” ಎಂದೆ. “ಹೋಗೋವಾಗ ಅವಳು ನನ್ನ ಹತ್ರ ಒಂದು ಮಾತೂ ಆಡಿಲ್ಲ. ಸಾಲಲ್ಲಿದ್ದೋರೆಲ್ಲ ನೋಡಿದಾರೆ. ಇದು ತಮಾಷೆ ಅಲ್ಲ. ಯಾರೂ ಹೇಳಲಿಲ್ಲ, ನಾನೇ ಹಾಕ್ದೆ. ಸಫಿ ಹೆಸರಲ್ಲಿ ಹಾಕ್ದೆ. ನನ್ನ ಮಗಳು, ಸಫಿ ಜೋಬೆ. ಫೆರಿ ಕಾಯ್ತಾ ಸತ್ಲು.”

ಏಳು ವರ್ಷದ ಮೇಲೆ ಆ ಹೆಸರು ನನ್ನ ಬಾಯಿಂದ ಬಂತು. ನಗು ನಿಂತುಹೋಯಿತು. ಸಫಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದ ದೊಡ್ಡಪ್ಪ ನನ್ನೆದುರೇ ನಿಂತಿದ್ದ. ಅವನು ಕೈಯಲ್ಲಿದ್ದ ಜಪಮಣಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಬಾಜಿ ಟೀಚರ ಕಡೆ ತಿರುಗಿದ.

“ಬರ್ಕೊಳಮ್ಮ,” ಎಂದ. “ಈರುಳ್ಳಿ ಬಣ್ಣ, ಒಂದು.”

ಅವಳು ಬರೆದುಕೊಂಡಳು. ಸೈನಬು ಒಳಗೆ ಹೋಗಿ, ಬೆಳಿಗ್ಗೆಯಿಂದ ಖಾಲಿ ಬಿದ್ದಿದ್ದ ತನ್ನ ಕುರ್ಚಿಯ ಮೇಲಿನ ತಲೆವಸ್ತ್ರವನ್ನು ಎತ್ತಿ ಕೊಡವಿ ತಲೆಗೆ ಸುತ್ತಿಕೊಂಡು, ಏಜೆಂಟರು ರುಜು ಹಾಕುವ ಕಡೆ ರುಜು ಹಾಕಿ ಬಂದಳು. ನನ್ನ ಮುಂದೆ ನಿಂತು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೆಳಿಗ್ಗೆಯಿಂದ ಬಾಕಿಯಿದ್ದ ಉತ್ತರ ಈಗ ಬರುತ್ತದೆಂದು ನನಗೆ ಗೊತ್ತಾಯಿತು.

“ಒಂದು ಗೋಲಿ ಹಾಕೋಕೆ ಜೋಬೆಗೆ ಏಳು ವರ್ಷ ಬೇಕಾಯ್ತು,” ಎಂದಳು. “ಊಟಕ್ಕೆ ಕರೆದಿದ್ರೆ ಏಳು ಹೆಜ್ಜೇಲಿ ಬಂದಿರ್ತಿದ್ದ.”

ಮೊದಲು ನಕ್ಕದ್ದು ಅಣ್ಣ. ನಾನೂ ನಕ್ಕೆ, ಶಾಯಿ ಹತ್ತಿದ ಬೆರಳಿಂದಲೇ ಕಣ್ಣೊರೆಸಿಕೊಳ್ಳುತ್ತಾ.